ಗಂಟಕ್ಕ ಮಾಡಿದ ಆರೈಕೆ

ಆ ಹೊಲಿಗೆ ಕಾರ್ಖಾನೆಯಲ್ಲಿ ಅವಳಿಗೆ ಗಂಟಕ್ಕ ಎಂಬ ಹೆಸರು ಹೇಗೆ ಬಿತ್ತು ಎಂದು ಕೇಳಿದರೆ ಎರಡು ಉತ್ತರ ಸಿಗುತ್ತವೆ. ಅವಳನ್ನು ಕಂಡರಾಗದವರು, ಸದಾ ಮುಖ ಗಂಟು ಹಾಕಿಕೊಂಡಿರುತ್ತಾಳಲ್ಲ, ಅದಕ್ಕೇ ಎನ್ನುತ್ತಾರೆ. ಪೂರ್ತಿ ಸುಳ್ಳೂ ಅಲ್ಲ. ಆದರೆ ಅಸಲು ಕಾರಣ ಬೇರೆ. ಅಲ್ಲಿ ಹೊಲಿಯುವುದು ಕೋಟು. ಒಬ್ಬಳು ತೋಳು, ಒಬ್ಬಳು ಜೇಬು, ಒಬ್ಬಳು ಕಾಲರು ಎಂದು ಕೆಲಸ ಹಂಚಿಕೆಯಾಗಿರುತ್ತದೆ. ಕೂಲಿ ದಿನದ ಲೆಕ್ಕದಲ್ಲಲ್ಲ, ತುಂಡಿನ ಲೆಕ್ಕದಲ್ಲಿ. ಯಾವ ತುಂಡನ್ನು ಯಾರು ಹೊಲಿದರು ಎಂದು ತಿಳಿಯಬೇಕಲ್ಲ, ಅದಕ್ಕೆ ಹೊಲಿದವಳು ಒಳಮಗ್ಗುಲಲ್ಲಿ ತನ್ನ ಪಾಲಿನ ಬಣ್ಣದ ದಾರದಿಂದ ಒಂದು ಪುಟ್ಟ ಗಂಟು ಹಾಕಬೇಕು. ಮೇಸ್ತ್ರಿ ಕೋಟನ್ನು ತಿರುವಿ ನೋಡುತ್ತಾನೆ. ಗಂಟು ಇದ್ದವಳಿಗೆ ಕೂಲಿ. ಹೊಲಿಗೆ ಬಿಟ್ಟುಕೊಂಡಿದ್ದರೆ ಅದೇ ಗಂಟಿನವಳ ಕೂಲಿಯಲ್ಲಿ ಕಡಿತ.

ಹೊಲಿಗೆ ಸೊಟ್ಟಗಾದ ದಿನ ಗಂಟು ಹಾಕಲು ಮರೆತುಹೋಗುವ ಜಾಣೆಯರು ಅಲ್ಲಿ ಬೇಕಾದಷ್ಟು ಜನ. ಗಂಟಕ್ಕ ಮಾತ್ರ ಒಮ್ಮೆಯೂ ಮರೆತವಳಲ್ಲ. "ಚೆನ್ನಾಗಿದ್ರೂ ನಂದೇ, ಕೆಟ್ಟಿದ್ರೂ ನಂದೇ. ಬೇರೆಯೋರ ಹೆಸರಿಗೆ ಯಾಕೆ ಬಿಡ್ಲಿ?" ಎನ್ನುತ್ತಿದ್ದಳು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಇವಳು ಹೊಲಿದ ಎರಡು ಕಾಲರಿಗೆ ತನ್ನ ಗಂಟು ಹಾಕಿಕೊಂಡಾಗ ಕಾರ್ಖಾನೆಯ ತಗಡಿನ ಸೂರು ಹಾರಿಹೋಗುವಂತೆ ಜಗಳ ಮಾಡಿದಳು. ಎರಡು ಕಾಲರಿನ ಕೂಲಿಯಲ್ಲಿ ಒಂದು ಲೋಟ ಚಹಾ ಕೂಡ ಬರುವುದಿಲ್ಲ. ಮೇಸ್ತ್ರಿ ಬೇಸತ್ತು ತನ್ನ ಜೇಬಿನಿಂದಲೇ ಆ ಕಾಸು ಕೊಡಲು ಬಂದ. ಅವಳು ಮುಟ್ಟಲಿಲ್ಲ. ಹುಡುಗಿ ತನ್ನ ಗಂಟನ್ನು ಬಿಚ್ಚಿ, ಇದು ಅಕ್ಕ ಹೊಲಿದದ್ದು ಎಂದು ಎಲ್ಲರೆದುರು ಹೇಳುವ ತನಕ ಬಿಡಲಿಲ್ಲ.

ಇವಳಿಗೆ ಗಂಡ ಅಂತ ಒಬ್ಬನಿದ್ದ. ಚಹಾ ಕುಡಿದು ಬರುತ್ತೇನೆಂದು ಹೋದವನು ಇನ್ನೂ ಕುಡಿಯುತ್ತಲೇ ಇದ್ದಾನೆ. ಆಮೇಲೆ ತಮ್ಮನ ಮನೆ ಸೇರಿದಳು. ತಮ್ಮನ ಮನೆ ಎನ್ನುವುದೂ ಬಾಯಿಮಾತಿಗೆ ಅಷ್ಟೆ. ತಾಯಿ ತೀರಿಕೊಂಡಾಗ ಅವನಿಗೆ ಮೂಗು ಒರೆಸಿಕೊಳ್ಳಲೂ ಬರುತ್ತಿರಲಿಲ್ಲ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳು, ಗಾಜಿನ ಕೆಲಸಕ್ಕೆ ಹಚ್ಚಿದವಳು ಇವಳು, ಹುಡುಗಿ ನೋಡಿ ಮದುವೆ ಮಾಡಿಸಿದವಳೂ ಇವಳೇ. ಹಾಗಂತ ಯಾರಾದರೂ ಹೇಳುವ ಮೊದಲೇ ಅವಳೇ ಹೇಳಿಬಿಡುತ್ತಿದ್ದಳು, ಅದೊಂದು ಕೆಟ್ಟ ಚಾಳಿ. ತಮ್ಮ ನಗುತ್ತಿದ್ದ. ತಮ್ಮನ ಹೆಂಡತಿ ಒಳ್ಳೆಯವಳು, ಅವಳೂ ಬಹಳ ಸಲ ನಗುತ್ತಿದ್ದಳು.

ತಮ್ಮ ಕಿಟಕಿಗೆ ಗಾಜು ಕೂರಿಸುವವನು. ವರ್ಷಗಟ್ಟಲೆ ಇನ್ನೊಬ್ಬರ ಕೈಕೆಳಗೆ ದುಡಿದು, ಕೊನೆಗೂ ಬೀದಿಯ ತಿರುವಿನಲ್ಲಿ ಸ್ವಂತ ಅಂಗಡಿ ಮಾಡಿದ್ದ. ಅಂಗಡಿ ಎಂದರೆ ಕಂಬಳಿ ಹೊದೆಸಿದ ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳು, ಗಾಜು ಕೊಯ್ಯುವ ಸಲಕರಣೆ, ಹೊರಗೆ ಅವನ ಕೈಬರಹದ ಬೋರ್ಡು. ಆ ಅಂಗಡಿಯಲ್ಲಿ ಅಕ್ಕನ ಕಾಲರುಗಳ ದುಡ್ಡೂ ಇತ್ತು, ಹೆಂಡತಿಯ ಬಳೆಯೂ ಇತ್ತು. ಮೂರು ಜನ ಸೇರಿ ಜೀವಮಾನದಲ್ಲಿ ಮಾಡಿಕೊಂಡ ಆಸ್ತಿ ಅದೊಂದೇ.

ಒಂದು ದಿನ ಯಾರದೋ ಮನೆಯ ಮಹಡಿಗೆ ಆಳೆತ್ತರದ ಕನ್ನಡಿ ಹೊತ್ತು ಹತ್ತುತ್ತಿದ್ದಾಗ ಕಾಲು ಜಾರಿತು. ಮೆಟ್ಟಿಲು ಆಗತಾನೆ ಒರೆಸಿದ್ದರಂತೆ. ಕನ್ನಡಿಯನ್ನು ಕೈಬಿಟ್ಟಿದ್ದರೆ ಕಂಬಿ ಹಿಡಿದುಕೊಳ್ಳಬಹುದಿತ್ತು. ಗಾಜಿನವನು ಗಾಜು ಬಿಡುತ್ತಾನೆಯೇ? ಎರಡೂ ಕೈಯಲ್ಲಿ ಕನ್ನಡಿಯನ್ನು ಮೇಲೆತ್ತಿ ಹಿಡಿದುಕೊಂಡೇ ಉರುಳಿದ. ಕನ್ನಡಿಗೆ ಒಂದು ಗೀರೂ ಬೀಳಲಿಲ್ಲ, ಕಾಲು ಮೊಣಕಾಲಿನ ಕೆಳಗೆ ಮುರಿಯಿತು. ಮನೆಯ ಯಜಮಾನ ಮೊದಲು ಕನ್ನಡಿ ನೋಡಿ, ಆಮೇಲೆ ಆಂಬುಲೆನ್ಸಿಗೆ ಫೋನು ಮಾಡಿದ.

ಆಸ್ಪತ್ರೆ ಹೊರಗಿನಿಂದ ನೋಡಿದರೆ ದೊಡ್ಡ ಹೋಟೆಲು. ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ನೆಲದಲ್ಲಿ ಮುಖ ಕಾಣುತ್ತದೆ, ಕೌಂಟರಿನಲ್ಲಿ ಕೂತವರು ದುಡ್ಡು ಕಟ್ಟುವ ತನಕ ನಗುತ್ತಾರೆ. ಲಿಫ್ಟಿನಲ್ಲಿ ಮೇಲೆ ಹೋಗಿ ವಾರ್ಡಿನ ಬಾಗಿಲು ತಳ್ಳಿದರೆ ಬೇರೆಯದೇ ಲೋಕ. ಹಸಿರು ಪರದೆಗಳ ನಡುವೆ ಸಾಲು ಹಾಸಿಗೆ, ಕರೆಗಂಟೆಯ ಗುಂಡಿ ಎಲ್ಲ ಹಾಸಿಗೆಗೂ ಇದೆ, ಕೇಳಿಸಿಕೊಂಡು ಓಡಿ ಬರಲು ಮಾತ್ರ ಒಬ್ಬಳೇ ನರ್ಸು. ಗುಂಡಿ ಒತ್ತಿದರೆ ಹಾಸಿಗೆಯ ಮೇಲೊಂದು ಕೆಂಪು ದೀಪ ಹತ್ತಿಕೊಳ್ಳುತ್ತಿತ್ತು. ಹತ್ತಿಕೊಂಡದ್ದು ಹತ್ತಿಕೊಂಡೇ ಇರುತ್ತಿತ್ತು.

ಪ್ರತಿ ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು ಎಂಬುದು ಅಲ್ಲಿಯ ನಿಯಮ. ಅವರಿಗೆ ಕುತ್ತಿಗೆಗೆ ತೂಗುಹಾಕಿಕೊಳ್ಳಲು ಅಟೆಂಡರ್ ಪಾಸ್ ಕೊಡುತ್ತಿದ್ದರು. ತಮ್ಮನ ಹೆಂಡತಿಗೆ ಮನೆಯಲ್ಲಿ ಹಾಲು ಕುಡಿಯುವ ಕೂಸು, ವಾರ್ಡಿಗೆ ಕೂಸನ್ನು ಬಿಡುವುದಿಲ್ಲ. ಗಂಟಕ್ಕ ಮೇಸ್ತ್ರಿಗೆ ರಜೆ ಹೇಳಿ ಪಾಸನ್ನು ಕುತ್ತಿಗೆಗೆ ಹಾಕಿಕೊಂಡಳು. "ಅಟೆಂಡರ್ ಅಂದ್ರೆ ಪಕ್ಕದಲ್ಲಿ ಕೂತ್ಕೊಳ್ಳೋದು ಅಷ್ಟೇ ಅಕ್ಕ," ಎಂದು ಕೌಂಟರಿನವಳು ಹೇಳಿದ್ದಳು. ಕೂತುಕೊಳ್ಳಲು ಒಂದು ಸ್ಟೂಲು ಇತ್ತು. ಅದರ ಮೇಲೆ ಅವಳು ಕೂತದ್ದು ಕಡಿಮೆ.

ಕಾಲಿನೊಳಗೆ ಸರಳು ಹಾಕಿ ಹೊಲಿದಿದ್ದರು. ಅವನು ತಾನಾಗಿ ಮಗ್ಗುಲು ಬದಲಿಸುವ ಹಾಗಿರಲಿಲ್ಲ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಬೆನ್ನು ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿ ಹೋದರು. ಯಾರು ತಿರುಗಿಸಬೇಕು ಎಂದು ಹೇಳಲಿಲ್ಲ. ಗಂಟಕ್ಕ ತಿರುಗಿಸಿದಳು. ಮೈ ಒರೆಸಿದಳು, ಉಣಿಸಿದಳು, ಬೆಡ್‌ಪ್ಯಾನ್ ಇಟ್ಟಳು, ತೆಗೆದಳು, ತೊಳೆದಳು. ಬೆನ್ನಿಗೆ ಪೌಡರು ಹಾಕಿದಳು. ಅವನು ನಾಚಿಕೆಯಿಂದ ಮುಖ ತಿರುಗಿಸಿದರೆ, "ಏನೋ, ಇದನ್ನೆಲ್ಲ ನಾನು ನೋಡದೇ ಇರೋದಾ? ನಿನ್ನ ಅಂಡು ತೊಳೆದ ಕೈ ಕಣೋ ಇದು," ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿ ಅವನ ಮಾನ ತೆಗೆಯುತ್ತಿದ್ದಳು. ನೋವಿನಲ್ಲೂ ಅವನಿಗೆ ನಗು ಬರುತ್ತಿತ್ತು.

ನರ್ಸು ಏನೂ ಮಾಡಲಿಲ್ಲ ಎಂದರೆ ಬಾಯಿಗೆ ಹುಳ ಬೀಳುತ್ತದೆ. ಕನ್ನಡಕದ ಸಿಸ್ಟರ್ ಎಂದು ಎಲ್ಲರೂ ಕರೆಯುತ್ತಿದ್ದ ಆ ಹೆಂಗಸು ಗಾಯದ ಪಟ್ಟಿಯನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಬೆಳಿಗ್ಗೆ ಟ್ರಾಲಿ ತಳ್ಳಿಕೊಂಡು ಬಂದು, ಕೈ ತೊಳೆದು, ಕೈಗವಸು ಹಾಕಿ, ಗಾಯವನ್ನು ಒರೆಸಿ ಹೊಸ ಪಟ್ಟಿ ಸುತ್ತುತ್ತಿದ್ದಳು. ಗಂಟಕ್ಕ ಕಾಲನ್ನು ಎತ್ತಿ ಹಿಡಿದುಕೊಳ್ಳುತ್ತಿದ್ದಳು, ಅಷ್ಟೆ. ಕನ್ನಡಕದ ಸಿಸ್ಟರ್ ರಜೆ ಹೋದ ದಿನ ಒಂದು ಅನಾಹುತ ನಡೆಯಿತು. ಕುಡಿಸುತ್ತಿದ್ದ ನೀರು ಚೆಲ್ಲಿ ಪಟ್ಟಿ ತೊಪ್ಪೆಯಾಯಿತು. ಗಂಟಕ್ಕ ಗುಂಡಿ ಒತ್ತಿದಳು. ದೀಪ ಹತ್ತಿಕೊಂಡಿತು. ಕಾರಿಡಾರಿಗೆ ಓಡಿ ಕೂಗಿದಳು. ಬದಲಿಗೆ ಬಂದಿದ್ದ ಹುಡುಗಿ ಎರಡು ವಾರ್ಡುಗಳ ನಡುವೆ ಓಡಾಡುತ್ತಾ, "ಬಂದೆ ಅಕ್ಕ, ಬಂದೆ," ಎನ್ನುತ್ತಲೇ ಇದ್ದಳು. ಮಧ್ಯಾಹ್ನ ಕಳೆಯಿತು. ಪಟ್ಟಿಯ ಕೆಳಗೆ ಉರಿ ಎಂದು ತಮ್ಮ ಹಲ್ಲು ಕಚ್ಚಿದ. ಕೊನೆಗೆ ಗಂಟಕ್ಕ ಬಚ್ಚಲಿಗೆ ಹೋಗಿ ಮೊಣಕೈತನಕ ಸೋಪು ಹಚ್ಚಿ ಕೈ ತಿಕ್ಕಿಕೊಂಡು ಬಂದಳು. ಕಪಾಟಿನಲ್ಲಿ ಉಳಿದಿದ್ದ ಪೊಟ್ಟಣ ತೆಗೆದು, ದಿನಾ ಕಣ್ಣಾರೆ ಕಂಡ ಹಾಗೆಯೇ ಒದ್ದೆ ಪಟ್ಟಿ ಬಿಚ್ಚಿ ಒಣ ಪಟ್ಟಿ ಸುತ್ತಿದಳು.

ಅದಾದ ಎರಡು ಮೂರು ದಿನಕ್ಕೆ ಜ್ವರ ಬಂತು. ಗಾಯ ಕೆಂಪಗಾಗಿ ಊದಿತು, ಕೀವು ಕಾಣಿಸಿತು. ಸೋಂಕು ಸರಳಿನ ತನಕ ಹೋಗಿದೆ ಎಂದು ಡಾಕ್ಟರು ಮತ್ತೆ ಕಾಲು ತೆರೆದು, ಒಳಗೆಲ್ಲ ತೊಳೆದು, ಸರಳು ಬದಲಿಸಿದರು. ಸೋಂಕು ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ, "ಎಲ್ಲಿಂದ ಬೇಕಾದ್ರೂ ಬರಬಹುದಮ್ಮ. ಆಪರೇಷನ್ ಕೋಣೆಯಿಂದ, ವಾರ್ಡಿಂದ, ಹಾಸಿಗೆಯಿಂದ. ಹೇಳೋಕಾಗಲ್ಲ," ಎಂದರು. ಇದು ಅವರು ಆಡಿದ ಪ್ರಾಮಾಣಿಕವಾದ ಮಾತು. ಆಮೇಲೆ ಅವರು ಇಷ್ಟು ಪ್ರಾಮಾಣಿಕವಾಗಿ ಮಾತಾಡಲಿಲ್ಲ.

ಮೊದಲ ಆಪರೇಷನ್ನಿಗೆ ಕೈಯಲ್ಲಿದ್ದದ್ದು, ಕೈಗಡ ತಂದದ್ದು ಎಲ್ಲ ಮುಗಿದಿತ್ತು. ಎರಡನೆಯದರ ಬಿಲ್ಲು ಅದಕ್ಕಿಂತ ದೊಡ್ಡದು. ಕಟ್ಟದೆ ರೋಗಿಯನ್ನು ಮನೆಗೆ ಕಳಿಸುವುದಿಲ್ಲ ಎಂದರು. ತಮ್ಮನ ಹೆಂಡತಿ ಅದನ್ನು ಓದಿ ತಲೆ ಮೇಲೆ ಕೈ ಹೊತ್ತು ಕೂತಳು. ಅಂಗಡಿ ಮಾರಿದರೆ ಮಾತ್ರ ತೀರುವ ದುಡ್ಡು ಅದು.

ಗಂಟಕ್ಕ ಓದಿದ್ದು ಬೇರೆ ಪುಟ. ಅದರಲ್ಲಿ ದಿನದಿನದ ಖರ್ಚು ಬಿಡಿಬಿಡಿಯಾಗಿ ಇತ್ತು. ನರ್ಸಿಂಗ್ ಆರೈಕೆ. ಮಗ್ಗುಲು ಬದಲಿಸಿದ್ದು. ಮೈ ಒರೆಸಿದ್ದು. ಊಟ ಮಾಡಿಸಿದ್ದು. ಪ್ರತಿಯೊಂದರ ಮುಂದೆಯೂ ದುಡ್ಡು. ಅವಳ ಕಣ್ಣು ಕೆಂಡವಾಯಿತು. "ಇದನ್ನ ಯಾವಳು ಮಾಡಿದ್ಲಂತೆ? ಕರೀರಿ ಅವಳನ್ನ! ನನ್ನ ಸೊಂಟ ಮುರಿದಿದ್ದು, ದುಡ್ಡು ಇವರಿಗಾ?" ಎಂದು ಬಿಲ್ಲಿನ ಕೌಂಟರಿನ ಮುಂದೆ ಕೂಗಾಡಿದಳು. ಕೌಂಟರಿನವನು ಅದು ಪ್ಯಾಕೇಜ್ ಮೇಡಂ, ಎಲ್ಲರಿಗೂ ಹಾಕುತ್ತೇವೆ ಎಂದ. ಎಲ್ಲರಿಗೂ ಹಾಕುತ್ತಾರೆ ಎಂದು ಕೇಳಿ ಅವಳಿಗೆ ಹೊಟ್ಟೆ ಇನ್ನಷ್ಟು ಉರಿಯಿತು.

ಪಕ್ಕದ ಹಾಸಿಗೆಯಲ್ಲಿ ಒಬ್ಬರು ಮುದುಕರಿದ್ದರು, ನಿವೃತ್ತ ಗುಮಾಸ್ತರು, ಅರ್ಜಿ ಬರೆಯುವುದರಲ್ಲೇ ಆಯುಷ್ಯ ಸವೆಸಿದವರು. ಅವರು ತಮ್ಮನ ಹೆಂಡತಿಯನ್ನು ಕರೆದು ಬುದ್ಧಿ ಹೇಳಿದರು. "ಮಗಳೇ, ಸೋಂಕು ಹತ್ತಿದ್ದು ಇವರ ಆಸ್ಪತ್ರೆ ಒಳಗೆ. ಎರಡನೇ ಆಪರೇಷನ್ ಇವರ ತಲೆ ಮೇಲೇ ಬರಬೇಕು. ದೂರು ಕೊಡು. ವಿಚಾರಣೆಗೆ ಕರೀತಾರೆ. ಅದೊಂದೇ ಮಾತು ಹಿಡ್ಕೋ. ಬೇರೆ ಯಾವ ಮಾತಿಗೂ ಹೋಗಬೇಡ." ದೂರಿನ ಅರ್ಜಿಯನ್ನು ಅವರೇ ಬರೆದುಕೊಟ್ಟರು.

ವಿಚಾರಣೆಯ ದಿನ ಲಿಫ್ಟಿನ ಮುಂದೆ ನಿಂತು ತಮ್ಮನ ಹೆಂಡತಿ ಗಂಟಕ್ಕನ ಕೈ ಹಿಡಿದುಕೊಂಡಳು.

"ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಆ ನರ್ಸಿಂಗ್ ದುಡ್ಡಿನ ಮಾತು ಎತ್ತಬೇಡಿ. ಹೋದ್ರೆ ಹೋಗ್ಲಿ. ಅಂಗಡಿ ಉಳಿದ್ರೆ ಸಾಕು."

"ನನಗೇನು ಅಷ್ಟೂ ಗೊತ್ತಾಗಲ್ವೇನೇ? ಬಾಯಿ ಹೊಲಿದುಕೊಂಡು ಕೂತಿರ್ತೀನಿ ನೋಡು," ಎಂದಳು ಗಂಟಕ್ಕ. ಹಾಗೆ ಹೇಳುವಾಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ತಮ್ಮನಿಗೂ ಅದೇ ಮಾತು ಕೊಟ್ಟು ಬಂದಿದ್ದಳು.

ವಿಚಾರಣೆಯ ಕೋಣೆ ಮೇಲಿನ ಮಹಡಿಯಲ್ಲಿ. ಅಲ್ಲಿ ಔಷಧಿಯ ವಾಸನೆ ಇರಲಿಲ್ಲ. ಕಾಲು ಹೂತುಹೋಗುವಂಥ ಜಮಖಾನ, ಉದ್ದನೆಯ ಮೇಜು, ಮೇಜಿನ ತುದಿಯಲ್ಲಿ ದೂರು ವಿಚಾರಿಸುವ ಅಧಿಕಾರಿ. ಮೆತ್ತಗಿನ ದನಿಯ ಹೆಂಗಸು, ತಾನೇ ಎದ್ದು ಇಬ್ಬರಿಗೂ ನೀರು ಬಗ್ಗಿಸಿ ಕೊಟ್ಟಳು. ಆ ಕಡೆ ಡಾಕ್ಟರು, ಬಿಲ್ಲಿನ ವಿಭಾಗದವನು, ಗೋಡೆಯ ಪಕ್ಕ ಕನ್ನಡಕದ ಸಿಸ್ಟರ್. ಡಾಕ್ಟರಿಗೆ ಕೂರಲು ಕುರ್ಚಿ ಕೊಟ್ಟಿದ್ದರು, ಸಿಸ್ಟರಿಗೆ ಕೊಟ್ಟಿರಲಿಲ್ಲ.

ತಮ್ಮನ ಹೆಂಡತಿ ಗುಮಾಸ್ತರು ಹೇಳಿಕೊಟ್ಟ ಹಾಗೆಯೇ ಮಾತಾಡಿದಳು. ದನಿ ನಡುಗಿದರೂ ಮಾತು ತಪ್ಪಲಿಲ್ಲ. ಅಧಿಕಾರಿ ಡಾಕ್ಟರನ್ನು ಕೇಳಿದಳು. ಸೋಂಕು ವಾರ್ಡಿನಲ್ಲಿ ಇದ್ದಾಗಲೇ ಶುರುವಾಗಿದ್ದು ಹೌದು ಎಂದು ಡಾಕ್ಟರು ಗಂಟಲು ಸರಿಮಾಡಿಕೊಂಡು ಒಪ್ಪಿದರು. ಅಧಿಕಾರಿ ಪೆನ್ನು ಕೆಳಗಿಟ್ಟು, "ನಿಮ್ಮ ಕಷ್ಟ ನಮಗೂ ಅರ್ಥ ಆಗುತ್ತೆ. ಎರಡನೇ ಆಪರೇಷನ್ ಖರ್ಚಿನ ವಿಷಯ ನಾವು ಖಂಡಿತ ಪರಿಶೀಲಿಸ್ತೀವಿ," ಎಂದಳು. ತಮ್ಮನ ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. ಎದ್ದು ಕೈ ಮುಗಿದು ಹೊರಡುವುದಷ್ಟೇ ಬಾಕಿ ಇತ್ತು.

ಆಗ ಬಿಲ್ಲಿನ ವಿಭಾಗದವನು ಸುಮ್ಮನಿರಲಾರದೆ ಬಾಯಿ ಬಿಟ್ಟ. "ಮೇಡಂ, ನಮ್ಮ ಕಡೆಯಿಂದ ಏನೂ ಕಡಿಮೆ ಮಾಡಿಲ್ಲ. ನಮ್ಮ ಸಿಬ್ಬಂದಿ ಹಗಲೂ ರಾತ್ರಿ ಇವರ ರೋಗೀನ ಮಗುವಿನ ಥರ ನೋಡ್ಕೊಂಡಿದ್ದಾರೆ. ಮಗ್ಗುಲು ಬದಲಿಸೋದ್ರಿಂದ ಹಿಡಿದು ಊಟ ಮಾಡಿಸೋವರೆಗೂ ನಾವೇ ಮಾಡಿದ್ದೀವಿ."

ಗಂಟಕ್ಕ ತುಟಿ ಕಚ್ಚಿ ಹಿಡಿದಳು. ತಮ್ಮನ ಹೆಂಡತಿ ಮೇಜಿನ ಕೆಳಗೆ ಅವಳ ಮೊಣಕಾಲು ಒತ್ತಿದಳು. ಅವನು ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಇರುತ್ತಿರಲಿಲ್ಲ. "ಅಟೆಂಡರ್ ಅಮ್ಮ ಪಾಪ, ಪಕ್ಕದಲ್ಲಿ ಕೂತು ರೆಸ್ಟ್ ತಗೊಂಡ್ರು ಅಷ್ಟೇ," ಎಂದು ನಕ್ಕ.

"ಯಾವನೋ ಅವನು ರೆಸ್ಟ್ ತಗೊಂಡೆ ಅಂದಿದ್ದು?" ಗಂಟಕ್ಕ ಎದ್ದೇಬಿಟ್ಟಳು. ಕುರ್ಚಿ ಹಿಂದಕ್ಕೆ ಬಿತ್ತು. "ನಾನೇ ಮಾಡಿದ್ದು! ಒಂದೊಂದೂ ನಾನೇ ಮಾಡಿದ್ದು! ನಿಮ್ಮೋರ್ಯಾರೂ ಅವನ ಮೈ ಮುಟ್ಟಿಲ್ಲ!"

"ಅತ್ತಿಗೆ..." ಎಂದಳು ತಮ್ಮನ ಹೆಂಡತಿ.

ಅಧಿಕಾರಿ ಕೋಪಿಸಿಕೊಳ್ಳಲಿಲ್ಲ. ಪೆನ್ನನ್ನು ಮತ್ತೆ ಕೈಗೆ ತೆಗೆದುಕೊಂಡು, ಇನ್ನೂ ಮೆತ್ತಗಿನ ದನಿಯಲ್ಲಿ, "ಕೂತ್ಕೊಳ್ಳಿ ಅಮ್ಮ. ನೀವು ಹೇಳೋದನ್ನ ಕೇಳೋಕೇ ನಾವಿಲ್ಲಿ ಇರೋದು. ಮಗ್ಗುಲು ಬದಲಿಸಿದ್ದು ನೀವೇನಾ?" ಎಂದಳು.

"ನಾನೇ."

"ಮೈ ಒರೆಸಿದ್ದು? ಊಟ ಮಾಡಿಸಿದ್ದು?"

"ಎಲ್ಲಾ ನಾನೇ."

"ಎಷ್ಟು ಕಷ್ಟಪಟ್ಟಿದ್ದೀರಿ ಅಮ್ಮ." ಅಷ್ಟು ದಿನದಲ್ಲಿ ಆ ಮಾತನ್ನು ಗಂಟಕ್ಕನಿಗೆ ಹೇಳಿದವರು ಯಾರೂ ಇರಲಿಲ್ಲ. ಅವಳು ಕುರ್ಚಿ ಎತ್ತಿಟ್ಟು ಕೂತಳು, ತಮ್ಮನ ಹೆಂಡತಿ ಮತ್ತೆ ಅವಳ ಮೊಣಕಾಲು ಒತ್ತಿ ಹಿಡಿದಳು. ಅಧಿಕಾರಿ ಬರೆಯುತ್ತಲೇ ಕೇಳಿದಳು, "ಮತ್ತೆ ಗಾಯದ ಪಟ್ಟಿ? ಅದನ್ನ ಯಾರು ನೋಡ್ಕೋತಾ ಇದ್ರು?"

ಗೋಡೆಯ ಪಕ್ಕದಿಂದ ಕನ್ನಡಕದ ಸಿಸ್ಟರ್ ಒಂದು ಹೆಜ್ಜೆ ಮುಂದೆ ಬಂದಳು. "ಮೇಡಂ, ಪಟ್ಟಿ ನಾನೇ ದಿನಾ..."

"ನೀವು ಸುಮ್ನಿರಿ ಸಿಸ್ಟರ್! ನಿಮ್ಮ ಕೆಲಸ ಉಳಿಸ್ಕೊಳ್ಳೋಕೆ ಇವರ ಕಡೆ ಮಾತಾಡ್ತಿದ್ದೀರಿ. ಪಟ್ಟಿ ಒದ್ದೆಯಾದ ದಿನ ನಾನು ಬಡ್ಕೊಂಡೆನಲ್ಲ, ಎಲ್ಲಿದ್ರಿ ನೀವು? ಅದನ್ನೂ ನಾನೇ ಕಟ್ಟಿದ್ದು!"

"ಒಂದು ದಿನ ಅಕ್ಕ. ನಾನು ಇಲ್ಲದೇ ಇದ್ದ ಒಂದು ದಿನ."

"ಒಂದು ದಿನ ಅಂತೆ! ಎಲ್ಲಾ ನಾನೇ ಕಟ್ಟಿದ್ದು. ಬರ್ಕೊಳ್ಳಿ ಮೇಡಂ. ಇವರು ಬಂದು ನಿಂತು ಹೋಗೋರು ಅಷ್ಟೇ."

ಇದು ಸುಳ್ಳು. ಗಂಟಕ್ಕ ಜನ್ಮದಲ್ಲಿ ಬೇರೆಯವರ ತುಂಡಿಗೆ ತನ್ನ ಗಂಟು ಹಾಕಿದವಳಲ್ಲ, ಅವತ್ತು ಹಾಕಿದಳು. ಸಿಟ್ಟಿನ ಭರದಲ್ಲಿ, ಆ ಮೆತ್ತಗಿನ ದನಿ ಮೊದಲ ಬಾರಿಗೆ ತನ್ನ ಕೆಲಸವನ್ನು ಕಿವಿಗೊಟ್ಟು ಕೇಳುತ್ತಿದೆ ಎಂಬ ಸುಖದಲ್ಲಿ ಹಾಕಿದಳು. ಸಿಸ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಗೋಡೆಗೆ ಒರಗಿದಳು. ಡಾಕ್ಟರು ಮೊದಲ ಬಾರಿಗೆ ನೆಟ್ಟಗೆ ಕೂತರು. ತಮ್ಮನ ಹೆಂಡತಿ ಮೇಜಿನ ಕೆಳಗೆ ಒತ್ತಿ ಹಿಡಿದಿದ್ದ ಮೊಣಕಾಲನ್ನು ಬಿಟ್ಟುಬಿಟ್ಟಳು. ಗಂಟಕ್ಕನಿಗೆ ಇದ್ಯಾವುದೂ ಕಾಣಲಿಲ್ಲ. ಅವಳು ಅಧಿಕಾರಿಯ ಪೆನ್ನನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಉತ್ತರ ಬಂತು. ತಮ್ಮನ ಹೆಂಡತಿ ವಾರ್ಡಿನಲ್ಲಿ, ಗಂಡನ ಹಾಸಿಗೆಯ ಪಕ್ಕ ನಿಂತು ಗಟ್ಟಿಯಾಗಿ ಓದಿದಳು. ರೋಗಿಯ ಸಹೋದರಿಯವರ ಅಹವಾಲನ್ನು ಆಸ್ಪತ್ರೆ ಸಂಪೂರ್ಣವಾಗಿ ಒಪ್ಪಿದೆ. ಆರೈಕೆಯನ್ನು ಅವರೇ ಮಾಡಿರುವುದರಿಂದ ನರ್ಸಿಂಗ್ ಶುಲ್ಕವನ್ನು ಪೂರ್ತಿ ಮನ್ನಾ ಮಾಡಲಾಗಿದೆ. ಇಲ್ಲಿಯವರೆಗೆ ಓದುವಾಗ ಗಂಟಕ್ಕನ ಮುಖ ಅರಳಿತ್ತು. ಮುಂದೆ ಹೀಗಿತ್ತು: ಗಾಯದ ಪಟ್ಟಿಯನ್ನು ತರಬೇತಿಯಿಲ್ಲದ ಅಟೆಂಡರ್ ವಾರ್ಡಿನ ನಿಯಮಗಳಿಗೆ ವಿರುದ್ಧವಾಗಿ ತಾವೇ ಬದಲಿಸುತ್ತಿದ್ದುದಾಗಿ ಎಲ್ಲರ ಸಮಕ್ಷಮ ಹೇಳಿರುವುದರಿಂದ, ಸೋಂಕಿಗೂ ಎರಡನೆಯ ಶಸ್ತ್ರಚಿಕಿತ್ಸೆಯ ವೆಚ್ಚಕ್ಕೂ ಆಸ್ಪತ್ರೆ ಹೊಣೆಯಲ್ಲ.

ಪಕ್ಕದ ಹಾಸಿಗೆಯ ಗುಮಾಸ್ತರು ಮುಸುಕು ಎಳೆದುಕೊಂಡರು. ಮನ್ನಾ ಆದ ದುಡ್ಡು ಒಂದು ಕಿಟಕಿಗೆ ಗಾಜು ಹಾಕಿಸಲೂ ಸಾಲದು. ಅದಕ್ಕೆ ಬದಲಾಗಿ ಅಂಗಡಿಯನ್ನು ತೆಗೆದುಕೊಂಡರು. ಬುದ್ಧಿವಂತರು ಎಂದರೆ ಹೀಗಿರಬೇಕು! ಒಬ್ಬ ಹೆಂಗಸಿನ ಕೈಯಲ್ಲಿ ನರ್ಸಿನ ಕೆಲಸವನ್ನೆಲ್ಲ ಪುಕ್ಕಟೆ ಮಾಡಿಸಿಕೊಂಡು, ಅದಕ್ಕೆ ಅವಳ ಹತ್ತಿರವೇ ದುಡ್ಡು ಕೇಳಿ, ಅವಳು ಜಗಳಕ್ಕೆ ಬಂದಾಗ ನೀರು ಕೊಟ್ಟು ಕೂರಿಸಿ, ಪಾಪ ಎಷ್ಟು ಕಷ್ಟಪಟ್ಟಿರಿ ಎಂದು ಬರೆದುಕೊಂಡು, ಅದರಲ್ಲೇ ಅವಳ ಕುತ್ತಿಗೆ ಕೊಯ್ದರು.

ಗಂಟಕ್ಕ ಸುಮ್ಮನೆ ಕೂರಲಿಲ್ಲ. ಮೇಲಿನ ಮಹಡಿಗೆ ಓಡಿದಳು. ಅಧಿಕಾರಿ ಈ ಸಲ ನೀರು ಕೊಡಲಿಲ್ಲ, ನಿಂತುಕೊಂಡೇ ಮಾತಾಡಿದಳು.

"ಸಿಟ್ಟಲ್ಲಿ ಬಾಯಿಗೆ ಬಂದದ್ದು ಅಂದೆ ಮೇಡಂ. ನಾನು ಕಟ್ಟಿದ್ದು ಒಂದೇ ಸಲ. ಅದೂ ಯಾರೂ ಬರಲಿಲ್ಲ ಅಂತ."

"ಆವತ್ತು ನಿಮ್ಮ ಮೇಲೆ ಯಾರಾದ್ರೂ ಒತ್ತಡ ಹಾಕಿದ್ರಾ ಅಮ್ಮ?"

"ಇಲ್ಲ."

"ನಾವು ಕೇಳಿದ್ವಿ, ನೀವೇ ಹೇಳಿದ್ರಿ. ನಿಮ್ಮ ಮಾತನ್ನ ನಾವು ನಂಬಿದ್ವಿ. ಈಗ ನಂಬಬೇಡಿ ಅಂದ್ರೆ ಹೇಗೆ?"

ಕೆಳಗಿಳಿದು ಬಂದು ಕಾರಿಡಾರಿನಲ್ಲಿ ಕನ್ನಡಕದ ಸಿಸ್ಟರ್‌ನ ಟ್ರಾಲಿಗೆ ಅಡ್ಡ ನಿಂತಳು. "ಸಿಸ್ಟರ್, ತಪ್ಪಾಯ್ತು. ಪಟ್ಟಿ ನೀವು ಕಟ್ತಿದ್ದದ್ದು ಅಂತ ಒಂದು ಮಾತು ಹೇಳಿಬಿಡಿ. ನಿಮ್ಮ ಕಾಲು ಹಿಡ್ಕೋತೀನಿ."

ಸಿಸ್ಟರ್ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಆವತ್ತು ಹೇಳೋಕೆ ಬಂದೆ ಅಕ್ಕ. ನೀವೇ ಬಾಯಿ ಮುಚ್ಚಿಸಿದ್ರಿ. ಈಗ ಹೇಳಿದ್ರೆ ಸೋಂಕು ನನ್ನ ಕೈಯಿಂದ ಬಂತು ಅಂತಾರೆ. ನನಗೂ ಮನೆ ಇದೆ." ಟ್ರಾಲಿಯನ್ನು ಪಕ್ಕಕ್ಕೆ ತಿರುಗಿಸಿ ದಾಟಿಸಿಕೊಂಡು ಹೋದಳು. ಅವಳದೇನೂ ತಪ್ಪಿಲ್ಲ ಎಂದು ಗಂಟಕ್ಕನಿಗೂ ಗೊತ್ತಿತ್ತು.

ಅಂಗಡಿ ಹೋಯಿತು. ಕೊಂಡವನು ಮೊಬೈಲು ರಿಪೇರಿಯವನು, ಅವನಿಗೆ ಉದ್ದನೆಯ ಮೇಜು ಬೇಡವಾಗಿತ್ತು, ಮುರಿದು ಸೌದೆಗೆ ಕೊಟ್ಟ. ಗಾಜಿನ ಹಾಳೆಗಳನ್ನು ತಮ್ಮನ ಹಳೆಯ ಯಜಮಾನನೇ ಅರ್ಧ ಬೆಲೆಗೆ ತೆಗೆದುಕೊಂಡ. ಕಾಲು ವಾಸಿಯಾದ ಮೇಲೆ ಕೆಲಸಕ್ಕೆ ಬರಲಿ ನೋಡೋಣ ಎಂದನಂತೆ. ಬಿಲ್ಲು ಚುಕ್ತಾ ಆಯಿತು, ಆಸ್ಪತ್ರೆಯ ಬಾಗಿಲು ತಾನೇ ತೆರೆದುಕೊಂಡಿತು, ತಮ್ಮ ಗಾಲಿಕುರ್ಚಿಯಲ್ಲಿ ಹೊರಗೆ ಬಂದ.

ಮನೆಯಲ್ಲಿ ಯಾರೂ ಗಂಟಕ್ಕನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ಅವಳೂ ಬೈದು, ಅತ್ತು, ಹಗುರಾಗುತ್ತಿದ್ದಳು. ತಮ್ಮನ ಹೆಂಡತಿ ಎಂದಿನಂತೆ ಚಹಾ ಕೊಟ್ಟಳು, ಎಂದಿನಂತೆ ಅತ್ತಿಗೆ ಎಂದಳು. ಗಂಡನ ಔಷಧಿಯ ಡಬ್ಬಿಯನ್ನು ಮಾತ್ರ ತನ್ನ ಕಪಾಟಿಗೆ ಇಟ್ಟುಕೊಂಡಳು. ಬಿಸಿನೀರಿನ ಬೋಗುಣಿ ಹಿಡಿದು ಗಂಟಕ್ಕ ಕೋಣೆಗೆ ಹೋದರೆ ಹಿಂದೆಯೇ ಬಂದು, "ಬಿಡಿ ಅತ್ತಿಗೆ, ನಾನು ನೋಡ್ಕೋತೀನಿ. ನೀವು ಕೂಸನ್ನ ಎತ್ಕೊಳ್ಳಿ," ಎಂದು ಬೋಗುಣಿ ತೆಗೆದುಕೊಂಡಳು. ದನಿಯಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ಬಚ್ಚಲಿನಲ್ಲಿ ಅವಳು ಬಹಳ ಹೊತ್ತು ಕೈ ತೊಳೆಯುವ ಸದ್ದು ಕೇಳುತ್ತಿತ್ತು.

ಗಂಟಕ್ಕ ಕೂಸನ್ನು ಎತ್ತಿಕೊಂಡು ಹೊಸ್ತಿಲ ಆಚೆ ನಿಂತಳು. ಆಸ್ಪತ್ರೆಯಲ್ಲಿ ಹೋದದ್ದು ಅಂಗಡಿ ಒಂದೇ ಅಲ್ಲ ಎಂದು ಅವಳಿಗೆ ಗೊತ್ತಾಗತೊಡಗಿತ್ತು. ತಮ್ಮ ಏನು ಅಂದುಕೊಂಡಿದ್ದಾನೆ ಎನ್ನುವುದೊಂದೇ ಅವಳಿಗೆ ಬೇಕಾಗಿದ್ದದ್ದು. ಹೆಂಡತಿ ಏನಾದರೂ ಅಂದುಕೊಳ್ಳಲಿ, ಅವಳು ಬಂದು ಮಹಾ ಎಷ್ಟು ವರ್ಷವಾಯಿತು. ತಾನು ಸೊಂಟದ ಮೇಲೆ ಹೊತ್ತು ಬೆಳೆಸಿದವನಿಗೆ ತನ್ನ ಕೈ ಎಂಥದು ಎಂದು ಗೊತ್ತಿರದೆ ಹೋಗುತ್ತದೆಯೇ? ಹಾಗೆಂದು ತನಗೆ ತಾನೇ ಹೇಳಿಕೊಂಡು ಕಾರ್ಖಾನೆಗೆ ಹೋಗಿ ಬಂದು ಮಾಡುತ್ತಿದ್ದಳು.

ಒಂದು ಮಧ್ಯಾಹ್ನ, ತಮ್ಮನ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ, ಒಳಗಿನಿಂದ ಅವನು ಮುಲುಕಿದ್ದು ಕೇಳಿಸಿತು. ಗಂಟಕ್ಕ ಓಡಿಹೋದಳು. ಕಾಲಿನ ಕೆಳಗಿನ ದಿಂಬು ಜಾರಿತ್ತು. ಇದಕ್ಕಾಗಿಯೇ ಕಾದಿದ್ದವಳಂತೆ ಒಂದು ಕೈ ಹಿಮ್ಮಡಿಗೆ, ಒಂದು ಕೈ ಮೊಣಕಾಲಿಗೆ ಕೊಟ್ಟು, ಅವನಿಗೆ ನೋವು ತಿಳಿಯದ ಹಾಗೆ ಎತ್ತಿ, ದಿಂಬು ಸರಿಮಾಡಿದಳು. ಆಸ್ಪತ್ರೆಯಲ್ಲಿ ಮಾಡುತ್ತಿದ್ದ ಹಾಗೆಯೇ. ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ಅವಳಿಗೆ ಜೀವ ಬಂದಂತಾಯಿತು. ಏನಾದರೊಂದು ತಮಾಷೆ ಮಾಡಿ ಅವನನ್ನು ನಗಿಸೋಣ ಎಂದುಕೊಂಡು ಸ್ಟೂಲು ಎಳೆದುಕೊಂಡಳು.

"ಅಕ್ಕಾ," ಎಂದ ಅವನು ಕಣ್ಣು ಬಿಡದೆ.

"ಏನೋ?"

"ಆವತ್ತು ಪಟ್ಟಿ ಕಟ್ಟೋವಾಗ... ಕೈ ತೊಳ್ಕೊಂಡಿದ್ದೆ ತಾನೆ?"

ತೊಳೆದುಕೊಂಡಿದ್ದಳು. ಮೊಣಕೈತನಕ ಸೋಪು ಹಚ್ಚಿ ತಿಕ್ಕಿಕೊಂಡಿದ್ದಳು. ಆ ಮಾತನ್ನು ಅವಳು ಯಾರ ಮುಂದೆ ಬೇಕಾದರೂ ಆಣೆ ಇಟ್ಟು ಹೇಳಬಹುದಿತ್ತು, ಆದರೆ ಆ ವಿಚಾರಣೆಯ ಕೋಣೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಈಗ ಕೇಳಿದವನು ಇವನು. "ತೊಳ್ಕೊಂಡಿದ್ದೆ ಕಣೋ," ಎಂದಳು. ಅವಳ ಕಿವಿಗೇ ಅದು ಸುಳ್ಳು ಹೇಳುವವಳ ದನಿಯ ಹಾಗೆ ಕೇಳಿಸಿತು.

"ಹೂಂ. ಸುಮ್ನೆ ಕೇಳ್ದೆ," ಎಂದ ಅವನು, ಮತ್ತೆ ಹಿತ್ತಲ ಕಡೆ ಮುಖ ತಿರುಗಿಸಿ, ಕಾಲು ನೋಯುತ್ತಿದೆ ಬಾ ಎಂದು ಹೆಂಡತಿಯನ್ನು ಕೂಗಿದ.